ಬೇವಿನ ಗಿಡದ ಸ್ಟಾಪು

ರಸ್ತೆ ಬದಿಗೆ ಯಾರಾದರೂ ಕೈ ಎತ್ತಿದರೆ ಸಾಕು, ಜಹೀರುದ್ದೀನನ ಬಲಗಾಲು ತಾನಾಗಿಯೇ ಬ್ರೇಕು ಹುಡುಕುತ್ತಿತ್ತು. ಸೈಕಲ್ಲಿಗೆ ಕಾಲಿನ ಬ್ರೇಕು ಇಲ್ಲವೆಂದು ಹೊಳೆಯುವಷ್ಟರಲ್ಲಿ ಕೈ ಗಕ್ಕನೆ ಬ್ರೇಕು ಹಿಡಿದು, ಹಿಂದೆ ಬರುವವರು ಅವನ ಮೈಮೇಲೆ ಬರುತ್ತಿದ್ದರು. ಬೀದರಿನಿಂದ ಹಂಪಿಗೆ ಹೊರಟ ಹದಿನಾಲ್ಕು ಮಂದಿಯ ಸೈಕಲ್ ತಂಡ ಎರಡೇ ದಿನದಲ್ಲಿ ಅವನನ್ನು ಎಲ್ಲರಿಗಿಂತ ಹಿಂದೆ ಹಾಕಿದ್ದು ಇದಕ್ಕೇ. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿದ ಆಸಾಮಿ. ನಿವೃತ್ತಿಯಾಗಿ ಎರಡು ವರ್ಷವಾದರೂ ಮೈಗೆ ಅಂಟಿದ ನೌಕರಿ ಬಿಡಲೊಲ್ಲದು.

ಮೂರನೆಯ ದಿನ ಬೆಳಿಗ್ಗೆ ಆಳಂದದಲ್ಲಿ ತಂಡದ ಮುಖಂಡೆ ಜಯಮಾಲಾ ಅವನನ್ನು ಬದಿಗೆ ಕರೆದಳು. ಕಲಬುರಗಿಯ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಮಾತು ಕಡ್ಡಿ ಮುರಿದ ಹಾಗೆ, ಮನಸ್ಸು ಮಾತ್ರ ಮೆದು.

"ಚಾಚಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸಲುವಾಗಿ ದಿನಾ ಎಲ್ಲಾರೂ ಬಿಸಲಾಗ ಕಾಯಾಕತ್ತಾರ. ಇವತ್ತ ಐದು ಗಂಟೆ ಒಳಗ ಜೇವರ್ಗಿ ಮುಟ್ಟಿದ್ರ ನಮ್ಮ ಕೂಡ ಹಂಪಿಗಿ ಬರ್ರಿ. ಇಲ್ಲಂದ್ರ ನಾಳೆ ಬಸ್ ಹತ್ತಿ ಮನಿಗಿ ಹೋಗಬೇಕಾಗ್ತದ. ಪಂಕ್ಚರ್ ಆದ್ರ ಅಷ್ಟು ಟೈಮ್ ಬಿಡ್ತೇನಿ. ಬ್ಯಾರೆ ಯಾವ ನೆಪಾನೂ ನಡಿಯೂದಿಲ್ಲ."

"ಆತ್ರಿ ಮೇಡಂ," ಎಂದ ಜಹೀರುದ್ದೀನ.

ಅವನು ಓಡಿಸಿದ ಬಸ್ಸಿನ ಬೋರ್ಡು ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಹೆಸರುಗಳನ್ನು ದಾಟಿದ್ದೇ ಇಲ್ಲ. ಊರೂರಿನ ಮಂದಿಯನ್ನು ಹೊತ್ತು ತಿರುಗಿದವನು ತಾನು ಒಂದೂ ಊರು ನೋಡಿರಲಿಲ್ಲ. ಈ ಸಲ ಹಂಪಿಗೆ ಹೋಗಿ ತುಂಗಭದ್ರೆಯಲ್ಲಿ ಕಾಲಿಟ್ಟೇ ಬರುವೆನೆಂದು ತನ್ನೂರು ಆಳಂದದ ಓಣಿಗೆಲ್ಲ ಸಾರಿಬಿಟ್ಟಿದ್ದ. ಬಸ್ಸು ಬಿಟ್ಟರೂ ರಸ್ತೆ ಬಿಡಲಿಲ್ಲವೆಂದು ನಕ್ಕ ಹೆಂಡತಿ ಅಖ್ತರಬೇಗಂ, ಅವತ್ತು ಬೆಳಿಗ್ಗೆ ಬುತ್ತಿ ಕಟ್ಟುವಾಗ ಒಂದು ಬಾಟಲಿ ನದಿ ನೀರು ತರಲು ಹೇಳಿದ್ದಳು.

ಹಾಗಾಗಿ ಅವತ್ತು ಹಟ ಹಿಡಿದು ತುಳಿದ. ಮೂರು ಕಡೆ ಮಂದಿ ಕೈ ಎತ್ತಿದರು. ಹಲ್ಲು ಕಚ್ಚಿ ಮುಂದೆ ಹೋದ. ಆದರೆ ಕಣ್ಣು ಕೇಳಬೇಕಲ್ಲ! ಡ್ರೈವರ್ ಸೀಟಿನಿಂದ ಮೂವತ್ತು ವರ್ಷ ಕಂಡದ್ದು ಡಾಂಬರು ಮತ್ತು ಅಡ್ಡ ಬರುವ ಎಮ್ಮೆ. ಈಗ ನೋಡಿದರೆ ತೊಗರಿ ಹೊಲದ ನಡುವೆ ಹಸಿರು ಚಾದರ ಹೊದ್ದ ಗೋರಿಯಿದೆ, ಮೆಟ್ಟಿಲಿರುವ ಬಾವಿಯಿದೆ, ಒಂದು ಮನೆಯ ಗೋಡೆಯ ಮೇಲೆ ಬಣ್ಣದ ನವಿಲಿದೆ. ಇವೆಲ್ಲ ಯಾವಾಗ ಬಂದವು? ನವಿಲು ಬರೆದವರು ಯಾರು? ಕೇಳಲು ಬಾಯಿ ತುರಿಸುತ್ತಿತ್ತು, ಕಾಲು ಮಾತ್ರ ನಿಲ್ಲಲಿಲ್ಲ.

ಅಫಜಲಪುರದಲ್ಲಿ ಬುತ್ತಿ ಬಿಚ್ಚಿ ಗಬಗಬನೆ ತಿಂದು, ಭೀಮಾ ನದಿಯ ಸೇತುವೆ ದಾಟಿದಾಗಲೂ ಹೊತ್ತು ಮೀರಿರಲಿಲ್ಲ. ಮೂರೂ ಇಪ್ಪತ್ತಕ್ಕೆ ಆ ಬೇವಿನ ಗಿಡ ಎದುರಾಯಿತು. ಇನ್ನು ಇಪ್ಪತ್ನಾಲ್ಕು ಕಿಲೋಮೀಟರ್. ಹೀಗೇ ತುಳಿದರೆ ಐದಕ್ಕೆ ಸರಿಯಾಗಿ ಜೇವರ್ಗಿ.

ಜಹೀರುದ್ದೀನ ಸೈಕಲ್ಲು ನಿಲ್ಲಿಸಿಬಿಟ್ಟ.

ಇಪ್ಪತ್ತು ವರ್ಷ, ಪ್ರತಿ ಸಂತೆಯ ದಿನ, ಬುಟ್ಟಿ ಹೊತ್ತ ಹೆಂಗಸೊಬ್ಬಳನ್ನು ಅವನು ಈ ಗಿಡದ ಕೆಳಗೆ ಇಳಿಸಿದ್ದ. ಇಲ್ಲಿ ಊರಿಲ್ಲ, ಮನೆಯಿಲ್ಲ, ಕಾಲುದಾರಿ ಕೂಡ ಇಲ್ಲ. ಇಳಿದವಳು ಯಾವ ಕಡೆ ಹೋಗುತ್ತಾಳೆಂದು ಕನ್ನಡಿಯಲ್ಲಿ ನೋಡಿದರೆ ಅಲ್ಲೇ ನಿಂತಿರುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕದಲುತ್ತಿರಲಿಲ್ಲ. ಕಂಡಕ್ಟರನನ್ನು ಕೇಳಿದರೆ, "ಟಿಕೀಟು ಮುಂದಿಂದು ತಗೋತಾಳ, ಇಳಿಯೂದು ಇಲ್ಲಿ. ನಿನಗ್ಯಾಕ ಬೇಕೋ ಮಾರಾಯಾ?" ಎನ್ನುತ್ತಿದ್ದ. ಹೂತಿಟ್ಟ ಬಂಗಾರ ಕಾಯುತ್ತಾಳೋ, ದೆವ್ವವೋ, ಏನೆಲ್ಲ ಯೋಚಿಸಿದ್ದ. ಹಿಂದೆ ಐವತ್ತು ಮಂದಿಯನ್ನು ಕೂರಿಸಿಕೊಂಡವನು ಇಳಿದು ಹೋಗಿ ಕೇಳುವುದುಂಟೇ?

ಅವಳ ಬಗ್ಗೆ ಕೇಳಿದ್ದಕ್ಕೆ, ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಮಾಳಿಂಗಪ್ಪನೆಂಬವನು ತಲೆ ಕೆರೆದುಕೊಂಡ. "ಬುಟ್ಟಿ ನಿಂಬೆವ್ವ ಇರಬೇಕ್ರಿ. ಆದ್ರ ಅಕಿ ಊರು ಇಲ್ಲಿಲ್ರಿ. ಇನ್ನೊಂದು ಮೈಲು ಮುಂದ ಹೋಗ್ರಿ, ಎಡಕ್ಕ ದಾರಿ ಅದ."

ಆ ಎಡದಾರಿ ಬಂದಾಗ ಜಹೀರುದ್ದೀನ ಗಡಿಯಾರ ನೋಡಿದ. ನೇರ ಹೋದರೆ ಹಂಪಿ ಇನ್ನೂ ಕೈಯಲ್ಲಿತ್ತು. ಹೋಗಬಾರದೆಂದು ತನಗೆ ತಾನೇ ಗದರಿಕೊಂಡು, ಹ್ಯಾಂಡಲ್ಲು ಎಡಕ್ಕೆ ತಿರುಗಿಸಿದ.

ನಿಂಬೆವ್ವನ ಮನೆಯ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದ ಮುದುಕಿ ಅವನು ಹೆಲ್ಮೆಟ್ಟು ತೆಗೆಯುವವರೆಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಡ್ರೈವರ ಸಾಬ್ರಲ್ಲೇನ್ರಿ? ಬರ್ರಿ, ಬರ್ರಿ! ಬಸ್ಸೆಲ್ಲಿ ಬಿಟ್ರಿ?"

"ಬಸ್ಸು ಸರಕಾರಕ್ಕೇ ಬಿಟ್ಟೇನಿ ಅವ್ವಾ. ಒಂದು ಮಾತು ಕೇಳಬೇಕಾಗಿತ್ತು. ಊರು ಇಲ್ಲಿಟ್ಟುಕೊಂಡು ನೀವು ಆ ಬೇವಿನ ಗಿಡದ ಬಲ್ಲಿ ಯಾಕ ಇಳೀತಿದ್ರಿ?"

ನಿಂಬೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಬಿಡ್ರಿ, ಹೇಳಿದ್ರ ನಿಮಗ ಬ್ಯಾಸರಾಗ್ತದ."

"ಹೇಳ್ರಿ ಅವ್ವಾ. ಇಪ್ಪತ್ತು ವರ್ಷದಿಂದ ತಲಿಯಾಗ ಕೊರಿಯಾಕತ್ತದ."

"ನಾ ಎಲ್ಲಿ ಇಳೀತಿದ್ದೆನ್ರಿ, ನೀವೇ ಇಳಸ್ತಿದ್ರಿ! ಮೊದಲ್ನೇ ದಿನ ಬುಟ್ಟಿ ಉರಳಿ ಸೀಟಿನ ಕೆಳಗ ಹೋತು. ತಗೊಳ್ಳಾಕಂತ ಎದ್ದೆ. ನೀವು ಕನ್ನಡ್ಯಾಗ ನೋಡಿ ಬ್ರೇಕ್ ಹಾಕಿದ್ರಿ. ನನಗಂತ ನಿಂದರಸ್ಯಾರ, ಬ್ಯಾಡ ಅನ್ನೂದು ಹ್ಯಾಂಗಂತ ಇಳದೆ. ಮುಂದಿನ ಸಂತಿಗಿ ನಾ ಏಳೂದ್ರೊಳಗೇ ನಿಂದರಸಿ, 'ಸಾವಕಾಶ ಇಳೀರಿ ಅವ್ವಾ' ಅಂದ್ರಿ. ಅಷ್ಟು ಮಾನದಿಂದ ನನಗ ಯಾರೂ ಮಾತಾಡಿಸಿದ್ದಿಲ್ರಿ. ಹ್ಯಾಂಗ ಹೇಳ್ಲಿ?"

"ಮತ್ತ ಅಲ್ಲೇ ನಿಂತಿರ್ತಿದ್ರಲ್ಲ?"

"ಬಸ್ಸಿನ ಹಿಂದೇ ನಡಕೋತ ಬಂದ್ರ ನಿಮಗ ಕಂಡು ಬ್ಯಾಸರಾಗ್ತಿತ್ತಲ್ಲ!"

ಜಹೀರುದ್ದೀನನಿಗೆ ಮೊದಲು ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ನಾಚಿಕೆ ಹತ್ತಿತು. ಸಂತೆಗೊಂದು ಮೈಲು, ಬಿಸಿಲಲ್ಲಿ, ತುಂಬಿದ ಬುಟ್ಟಿ ಹೊತ್ತು. ಆ ಮುದುಕಿಗಾಗಿ ನಿಲ್ಲಿಸುವವನು ಇಡೀ ಡಿಪೋದಲ್ಲಿ ತಾನೊಬ್ಬನೇ ಎಂದು ಎದೆಯುಬ್ಬಿಸಿ ಎಷ್ಟು ಸಲ ಹೇಳಿಕೊಂಡಿದ್ದನೋ! "ತಪ್ಪಾತು ಅವ್ವಾ," ಎಂದ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳದೆ ಚಹಾಕ್ಕೆ ಒಲೆ ಹಚ್ಚಿದಳು. ಕುಡಿದು ಎದ್ದಾಗ ನಾಲ್ಕೂ ಹತ್ತು.

ಜೀವ ಬಿಟ್ಟು ತುಳಿದ. ಆದರೂ ಜೇವರ್ಗಿ ಮುಟ್ಟಿದಾಗ ಐದೂ ಮೂವತ್ತೈದು. ಬಸ್ ನಿಲ್ದಾಣದ ಎದುರು ಹದಿಮೂರು ಮಂದಿಯೂ ನಿಂತೇ ಇದ್ದರು. ಒಬ್ಬರೂ ಮುಖ ಗಂಟಿಕ್ಕಿರಲಿಲ್ಲ. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಸೈಕಲ್ಲು ಹಿಡಿದುಕೊಂಡರು. ಜಯಮಾಲಾ ಅವನ ಟೈರಿನ ಕಡೆ ನೋಡಿ, ಹೌದೆನ್ನಲಿ ಎಂಬ ದನಿಯಲ್ಲಿ ಕೇಳಿದಳು.

"ಪಂಕ್ಚರ್ ಆಗಿರಬೇಕಲ್ರಿ ಚಾಚಾ? ಆ ಕಡೆ ಜಾಲಿಮುಳ್ಳು ಭಾಳ."

ಹೂಂ ಎಂದರೆ ಮುಗಿಯಿತು. ಹಂಪಿ, ತುಂಗಭದ್ರೆ, ಬಾಟಲಿ ನೀರು, ಎಲ್ಲ ಅವನದೇ. ನಾಳೆಯೂ ಇವರು ಹೀಗೇ ನಿಲ್ಲುತ್ತಾರೆ, ನಾಡಿದ್ದೂ ನಿಲ್ಲುತ್ತಾರೆ. ನಿಂಬೆವ್ವನ ಹಾಗೆ, ಅವನಿಗೆ ಬೇಸರವಾದೀತೆಂದು ಯಾರೂ ಒಂದು ಮಾತು ಆಡುವುದಿಲ್ಲ. ಅವನು ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಹೋಗಬೇಕೆಂಬ ಆಸೆ ಇನ್ನೂ ಅಷ್ಟೇ ಇತ್ತು, ಒಂದು ಗುಂಜಿಯೂ ಕಮ್ಮಿಯಾಗಿರಲಿಲ್ಲ.

"ಇಲ್ರಿ ಮೇಡಂ. ಪಂಕ್ಚರ್ ಆಗಿಲ್ಲ, ನಾನೇ ನಿಂತಿದ್ದೆ," ಎಂದು ಜಹೀರುದ್ದೀನ ಹೆಲ್ಮೆಟ್ಟು ತೆಗೆದು ಅವಳ ಕೈಗಿಟ್ಟ. "ಆಳಂದದ ಮೊದಲ್ನೇ ಬಸ್ಸು ಮುಂಜಾನಿ ಆರೂವರಿಗದ. ನನಗ ಗೊತ್ತದ."