ಗಡುವು ಮೀರಿ ಬಂದ ಮಾತು

"ಈ ಹುಡುಗಿಗೆ ಎಲೆಕ್ಷನ್ನಿಗೆ ನಿಂದ್ರು ಅಂತ ಹೇಳಿದ ಪುಣ್ಯಾತ್ಮರು ಯಾರು?"

ಮುಖ್ಯೋಪಾಧ್ಯಾಯ ಮರಿಬಸಪ್ಪನವರು ಕಿಟಕಿಯ ಸರಳು ಹಿಡಿದುಕೊಂಡು ಹೊರಗಿನ ಬಿಸಿಲನ್ನು ಹೀಗೆ ಕೇಳಿದರು. ಬಿಸಿಲು ಏನು ಹೇಳೀತು? ಹಿಂದೆ ಬಾಗಿಲಲ್ಲಿ ಮಧುಸೂದನ ಮೇಷ್ಟ್ರು ನಿಂತಿದ್ದುದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಮೆಲ್ಲಗೆ ಕೆಮ್ಮಿದರು.

"ಯಾರೂ ಹೇಳಿಲ್ಲ ಸಾರ್. ತಾನೇ ಬಂದು ಹೆಸರು ಕೊಟ್ಟಳು."

"ಆಕಿ ಕೊಟ್ಟಳು, ನೀವು ಬರಕೊಂಡ್ರಿ! ಅಧ್ಯಕ್ಷರ ಮೊಮ್ಮಗನ ಎದುರಿಗೆ ಅವರ ಮಿಲ್ಲಿನ ಹಮಾಲನ ಮಗಳು. ಭಾರಿ ಕುಸ್ತಿ ಹಚ್ಚೀರಿ ನೀವು!"

ಎಪ್ಪತ್ತನಾಲ್ಕನೆಯ ಇಸವಿಯ ಮಾತು. ಬಳ್ಳಾರಿಯಿಂದ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು, ಮಕ್ಕಳೇ ಆರಿಸಿದ ವಿದ್ಯಾರ್ಥಿ ಸಂಘವೊಂದು ಶಾಲೆಯಲ್ಲಿ ಇರಲೇಬೇಕು ಎಂದು ಹೇಳಿ ಹೋಗಿದ್ದರು. ಸಿರುಗುಪ್ಪದ ಆ ಪ್ರೌಢಶಾಲೆ ಊರಿನ ಕಮಿಟಿಗೆ ಸೇರಿದ್ದು. ಅಕ್ಕಿ ಮಿಲ್ಲಿನ ವಿರೂಪಾಕ್ಷಪ್ಪನವರೇ ಕಮಿಟಿಗೆ ಅಧ್ಯಕ್ಷರು. ಚುನಾವಣೆಯ ಹೊಣೆ ಕನ್ನಡ ಪಾಠ ಹೇಳುವ ಮಧುಸೂದನ ಮೇಷ್ಟ್ರ ತಲೆಗೆ ಬಂತು. ಇನ್‌ಸ್ಪೆಕ್ಟರಿಗೆ ವರದಿ ಬರೆದು ಸಹಿ ಹಾಕಬೇಕಾದವರೂ ಅವರೇ. ಅವರು ನಿಂತವರಿಗೆ ಒಂದೊಂದರಂತೆ ಎರಡು ಡಬ್ಬಿ ತಂದು, ಮಕ್ಕಳ ಕೈಗೆ ಒಂದೊಂದು ಹುಣಸೆ ಬೀಜ ಕೊಟ್ಟು, ಮಂಗಳವಾರ ಮರೆಯಲ್ಲಿ ಹಾಕಿಸುವುದೆಂದು ಯೋಚಿಸಿದ್ದರು. ಹೆಸರು ಹಿಂದಕ್ಕೆ ಪಡೆಯುವವರು ಸೋಮವಾರದ ಪ್ರಾರ್ಥನೆಗೆ ಮುಂಚೆ ಪಡೆಯಬೇಕು, ಆಮೇಲೆ ಯಾರು ಬಂದರೂ ಇಲ್ಲ ಎಂದು ಎಲ್ಲರೆದುರು ಸಾರಿಯೂ ಇದ್ದರು.

ಹತ್ತನೆಯ ತರಗತಿಯ ಜಂಬಮ್ಮ ಹೆಸರು ಕೊಡಲು ಬಂದ ದಿನ, ಯಾಕೆ ನಿಲ್ಲುತ್ತೀಯಮ್ಮ ಎಂದು ಮೇಷ್ಟ್ರು ಕೇಳಿದ್ದರು. "ಗಂಡುಹುಡುಗ್ರು ಕುಡುದು ಮುಗಿಸೋಮಟ ನಮ್ಮನ್ನ ನೀರಿನ ಗಡಿಗಿ ಹತ್ರ ಬಿಡಂಗಿಲ್ರಿ ಸಾರ್. ನಾವು ಹೋಗಾದ್ರಾಗ ತಳ ಕಂಡಿರತೈತಿ. ನಾನು ಗೆದ್ರ ಹೆಣ್ಮಕ್ಕಳಿಗೆ ಬ್ಯಾರೆ ಗಡಿಗಿ ಇಡಸ್ತೀನ್ರಿ" ಎಂದಿದ್ದಳು.

ಈಗ ಸೋಮವಾರ. ಪ್ರಾರ್ಥನೆ ಮುಗಿದು ಮೊದಲನೆಯ ಪಾಠ ನಡೆದಿತ್ತು.

"ಅಧ್ಯಕ್ಷರು ಬಳ್ಳಾರಿಯಿಂದ ಈಗ ಬಂದಾರ. ಸುದ್ದಿ ಕೇಳಿ ಕೆಂಡ ಆಗ್ಯಾರ" ಎಂದರು ಮರಿಬಸಪ್ಪನವರು. "ಮೊಮ್ಮಗ ಅವಿರೋಧ ಆರಿಸಿ ಬರಬೇಕಂತ. ಆ ಹುಡುಗಿ, ಆಕಿ ಅಪ್ಪ, ಇಬ್ರನ್ನೂ ಕರಕೊಂಡು ಮಿಲ್ಲಿನ ಗುಮಾಸ್ತ ಉಜ್ಜಿನಪ್ಪ ಬರಾಕ ಹತ್ಯಾನ. ಆಕಿ ಒಲ್ಲೆ ಅಂತಾಳ, ನೀವು ಆತು ಅನ್ರಿ. ಮುಗೀತು."

"ಗಡುವು ಮುಗಿದದೆ ಸಾರ್."

"ನಿಮ್ಮ ನೌಕರಿ ಇನ್ನಾ ಪರ್ಮನೆಂಟ್ ಆಗಿಲ್ಲ ಮಧುಸೂದನ. ಬರೋ ತಿಂಗಳು ಕಮಿಟಿ ಕೂಡತೈತಿ. ಅದೂ ನೆನಪಿರಲಿ."

ಈ ನೌಕರಿ ನಂಬಿಯೇ ಮೇಷ್ಟ್ರು ತಾಯಿ ಗಂಗಾಬಾಯಿಯನ್ನು ಈ ಊರಿಗೆ ಕರೆತಂದಿದ್ದರು. ನಸುಕಿನಲ್ಲಿ ಆಕೆ ಹೇಳುತ್ತಿದ್ದ ದೇವರ ಪದಗಳನ್ನು ಕೇಳುತ್ತ ಕಣ್ಣು ಬಿಟ್ಟು ಬೆಳೆದ ಜೀವ ಮೇಷ್ಟ್ರದು. ಆಡುವುದಕ್ಕಿಂತ ಕೇಳುವುದೇ ಹೆಚ್ಚು. ಯಾವ ಸಾಲು ಎದೆಯಿಂದ ಬಂತು, ಯಾವುದು ಬರೀ ತುಟಿಯಿಂದ ಉದುರಿತು ಎಂಬುದು ಆ ಕಿವಿಗೆ ತಿಳಿಯುತ್ತಿತ್ತು.

ಹೊರಗೆ ಚಪ್ಪಲಿಯ ಸದ್ದಾಯಿತು. ಉಜ್ಜಿನಪ್ಪ ಮುಂದೆ, ತಲೆಗೂದಲಿಗೆಲ್ಲ ತೌಡು ಮೆತ್ತಿಕೊಂಡ ಹಮಾಲ ಹೊನ್ನೂರಪ್ಪ ಹಿಂದೆ, ಅವನ ಬೆನ್ನಿಗೆ ಅಂಟಿದಂತೆ ಜಂಬಮ್ಮ.

"ಏನ್ರೀ ಮೇಷ್ಟ್ರೇ, ದಿಲ್ಲಿ ಪಾರ್ಲಿಮೆಂಟನ್ನ ಎತ್ತಿನ ಗಾಡ್ಯಾಗ ಹಾಕ್ಕೊಂಡು ಸಿರುಗುಪ್ಪಕ್ಕ ತಂದೀರಂತಲ್ಲ!" ಎಂದು ನಕ್ಕು, ಉಜ್ಜಿನಪ್ಪ ಹಿಂದಕ್ಕೆ ತಿರುಗಿದ. "ಲೇ ಹೊನ್ನೂರ, ಮಗಳಿಗೆ ಹೇಳಸಲೇ. ಮಿಲ್ಲಿನ್ಯಾಗ ಚೀಲ ಕಾಯಾಕ ಹತ್ಯಾವು. ಇವತ್ತು ನೀನು ಹೊರಬೇಕೋ, ಬ್ಯಾರೆ ಯಾರರ ಹೊರಬೇಕೋ, ಈಗ ಗೊತ್ತಾಗತೈತಿ."

ಹೊನ್ನೂರಪ್ಪ ಮಗಳ ಭುಜ ಮುಟ್ಟಿದ. "ಹೇಳವ್ವ."

ಜಂಬಮ್ಮ ಗೋಡೆ ನೋಡುತ್ತ ಒಂದೇ ಉಸಿರಿಗೆ ಹೇಳಿದಳು. "ನಾನು ನನ್ನ ಸ್ವಂತ ಇಚ್ಛೆಯಿಂದ ಯಾರ ಒತ್ತಾಯವೂ ಇಲ್ಲದೆ ನನ್ನ ಹೆಸರನ್ನು ವಾಪಸು ಪಡೆಯುತ್ತೇನೆ."

ಮಗ್ಗಿ ಒಪ್ಪಿಸಿದ ಹಾಗಿತ್ತು. ಪುಸ್ತಕದ ಆ ಮಾತು ದಾರಿಯಲ್ಲಿ ಯಾರೋ ಬಾಯಿಪಾಠ ಮಾಡಿಸಿದ್ದೆಂದು ಹೇಳಬೇಕಾಗಿರಲಿಲ್ಲ.

"ಜಂಬಮ್ಮ, ಗಡಿಗೆ ವಿಷಯ ಏನಾಯಿತಮ್ಮ?" ಎಂದು ಮೇಷ್ಟ್ರು ಕೇಳಿದರು.

ಅವಳು ತಟ್ಟನೆ ತಲೆಯೆತ್ತಿದಳು. "ಬರಾಗ ನೋಡಿದ್ನಿರಿ ಸಾರ್, ಇವತ್ತೂ ಖಾಲಿ ಐತಿ." ಮುಂದೆ ಏನೋ ಬರುವುದಿತ್ತು. ಅಪ್ಪನ ಕೈ ಭುಜವನ್ನು ಒತ್ತಿತು, ಅವಳು ಅದನ್ನು ನುಂಗಿಕೊಂಡಳು.

"ಗಡಿಗಿ ಗಿಡಿಗಿ ಆಮ್ಯಾಲ!" ಉಜ್ಜಿನಪ್ಪನ ನಗು ಹೋಯಿತು. "ಹುಡುಗಿ ಹೇಳ್ಯಾಳ, ನೀವು ಕೇಳೀರಿ. ಆತು ಅನ್ರಿ, ಧಣಿಗಳು ಕಾಯಾಕ ಹತ್ಯಾರ."

ಹೊನ್ನೂರಪ್ಪ ಕೈ ಮುಗಿದ. "ಒಪ್ಗಳ್ರಿ ಸಾರ್. ನಿಮ್ಮ ಕಾಲಿಗೆ..." ಎನ್ನುತ್ತ ಬಾಗಿದ.

ಆತು ಎಂದರೆ ಹುಡುಗಿಯ ಬಾಯಿಗೆ ತಾವೇ ಬೀಗ ಹಾಕಿದಂತೆ. ನಿಲ್ಲು ಮಗಳೇ, ಹೆದರಬೇಡ ಎಂದರೆ ಮಿಲ್ಲಿನ ಬಾಗಿಲು ಇವನಿಗೆ ಮುಚ್ಚಿದಂತೆ. ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು. ತಪ್ಪು ಯಾರ ತಲೆಯ ಮೇಲಾದರೂ ಕೂರಲೇಬೇಕು. ಕೂರಲು ಇನ್ನೊಂದು ತಲೆ ಇಲ್ಲಿತ್ತು.

"ಉಜ್ಜಿನಪ್ಪನವರೇ, ಸರಿಯಾಗಿ ಕೇಳಿಸಿಕೊಳ್ಳಿ." ದನಿ ಅವರಿಗೇ ಹೊಸದಾಗಿ ಕೇಳಿಸಿತು. "ಹೊನ್ನೂರಪ್ಪ ಮಗಳನ್ನ ಕರಕೊಂಡು ಬಂದ. ಆಕಿ ನೀವು ಹೇಳಿಸಿದ್ದನ್ನ ಒಂದಕ್ಷರ ಬಿಡದೆ ಹೇಳಿದಳು. ಅವರ ಕಡೆಯಿಂದ ಏನೂ ತಪ್ಪಿಲ್ಲ. ಆದರೆ ಪ್ರಾರ್ಥನೆ ಆದಮೇಲೆ ಯಾರದನ್ನೂ ವಾಪಸು ತಗೊಳ್ಳೋದಿಲ್ಲ ಅಂತ ಎಲ್ಲ ಮಕ್ಕಳ ಮುಂದೆ ಹೇಳಿದವನು ನಾನು. ನಾಳೆ ಎರಡೂ ಡಬ್ಬಿ ಇಡ್ತೀನಿ."

"ಅಂದ್ರ, ಒಪ್ಪದಾವ್ರು ನೀವು ಅಂತ ಧಣಿಗಳಿಗೆ ಹೇಳ್ಲೇನು?"

"ಹೇಳಿ. ನನ್ನ ಹೆಸರೇ ಹೇಳಿ. ಈ ಅಪ್ಪ ಮಗಳು ಬೇಡಿಕೊಂಡರೂ ನಾನು ಕೇಳಲಿಲ್ಲ ಅನ್ನೋದನ್ನೂ ಹೇಳಿ."

ಉಜ್ಜಿನಪ್ಪ ದವಡೆ ಬಿಗಿದುಕೊಂಡು ಹೊನ್ನೂರಪ್ಪನತ್ತ ನೋಡಿದ. ಬಯ್ಯಲು ಅಲ್ಲಿ ಏನೂ ಸಿಗಲಿಲ್ಲ. "ನಡಿಯಲೇ ಮಿಲ್ಲಿಗೆ" ಎಂದಷ್ಟೇ ಹೇಳಿ ಹೊರಟ. ಹೊನ್ನೂರಪ್ಪನ ಕೈ ಇನ್ನೂ ಮುಗಿದೇ ಇತ್ತು. ಹಾಗೆಯೇ ಮೇಷ್ಟ್ರ ಮುಖವನ್ನೊಮ್ಮೆ ನೋಡಿ ಅವನ ಹಿಂದೆ ನಡೆದ. ಜಂಬಮ್ಮ ಮಾತ್ರ ಬಾಗಿಲಲ್ಲಿ ನಿಂತಿದ್ದಳು.

ಮರಿಬಸಪ್ಪನವರು ಮೇಜು ಬಳಸಿ ಬಂದು ಮೇಷ್ಟ್ರ ತೋಳು ಹಿಡಿದರು. ಆ ಹಿಡಿತದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

"ಅಂವ ಇನ್ನಾ ಗೇಟು ದಾಟಿಲ್ಲಪ್ಪ. ನಾನು ಕೂಗಿ ನಿಂದ್ರಸ್ತೀನಿ. ವಯಸ್ಸಾದ ತಾಯಿನ್ನ ಕಟ್ಟಿಕೊಂಡು ಎಲ್ಲಿ ಅಲಿತಿ? ಅಣ್ಣ ಅಂತ ತಿಳಕೊಂಡು ನನ್ನ ಮಾತು ಕೇಳು. ಒಂದೇ ಒಂದು ಸಲ ಆತು ಅನ್ನು."

"ಅನ್ನೋದಿಲ್ಲ ಸಾರ್" ಎಂದರು ಮಧುಸೂದನ ಮೇಷ್ಟ್ರು.