ಎಡದಿಂದ ಮೂರನೆಯದು

ವಾಸಂತಿಗೆ ಒಂದು ಚಟವಿತ್ತು. ಅಸ್ತವ್ಯಸ್ತವಾದದ್ದೇನಾದರೂ ಕಣ್ಣಿಗೆ ಬಿದ್ದರೆ ಜೋಡಿಸದೆ ಬಿಡುವವಳಲ್ಲ. ಎರಡು ಸಾವಿರದ ಆರನೆಯ ಇಸವಿ, ಹೈದರಾಬಾದಿನಲ್ಲಿ ಬೀದಿಗೊಂದು ಸಾಫ್ಟ್‌ವೇರ್ ಬೋರ್ಡು ಏಳುತ್ತಿದ್ದ ಕಾಲ. ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲೆ ನರಹರಿ ಎಂಬವರು ನಡೆಸುತ್ತಿದ್ದ ಪುಟ್ಟ ಕಂಪನಿಯಲ್ಲಿ ಅವಳು ಗಿರಾಕಿಗಳ ವೆಬ್‌ಸೈಟು ನೋಡಿಕೊಳ್ಳುತ್ತಿದ್ದಳು.

ಶನಿವಾರ ಸಂಜೆ ಅವಳ ಕಣ್ಣಿಗೆ ಬಿದ್ದದ್ದು ಮೆಹದಿಪಟ್ಟಣಂನ ಒಂದು ಫಂಕ್ಷನ್ ಹಾಲಿನ ಸೈಟು. ಒಳಗಿನವರು ಪಾಸ್‌ವರ್ಡ್ ಹಾಕಿ ಹೋದರೆ ಮಾತ್ರ ಪುಟದ ನೆತ್ತಿಯ ಮೇಲೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಹನ್ನೆರಡು ಲಿಂಕು. ಹೊಸ ಬುಕಿಂಗ್ ಒಂದು ಕಡೆ, ಫೋಟೋ ಇನ್ನೊಂದು ಕಡೆ, ಸೈಟು ಮುಚ್ಚುವುದು ಎಲ್ಲೋ ಕೊನೆಗೆ. ಯಾರು ಇಟ್ಟಿದ್ದರೋ ಪುಣ್ಯಾತ್ಮರು, ತಲೆ ಇಲ್ಲ ಬುಡ ಇಲ್ಲ. ಅರ್ಧ ಗಂಟೆ ಕೂತು ಹನ್ನೆರಡನ್ನೂ ಎಬಿಸಿಡಿ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಭಾರಿ ಕೆಲಸ ಮಾಡಿದ ಹೆಮ್ಮೆಯಲ್ಲಿ ಮನೆಗೆ ಹೋದಳು. ಹೀಗೆ ಮಾಡು ಎಂದು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಸೋಮವಾರ ಬಂದ ಕೂಡಲೇ ನರಹರಿ ಕರೆದರು.

“ವಾಸಂತಿಯವರ, ಹಾಲ್ ಮುಚ್ಚೈತಿ ಅಂತ ಮುಂಜಾನಿಂದ ಸೈಟ್ ಹೇಳಾಕತ್ತೈತಿ. ಮದುವಿ ಸೀಸನ್ನು. ಮಾಲಕರು ಚನ್ನಬಸಪ್ಪ ಸಾವಕಾರ್ರು ಬೆಂಕಿ ಆಗ್ಯಾರ.”

ಅವಳು ಮೊದಲು ಮುಚ್ಚಿದ್ದ ಸೈಟನ್ನು ಮತ್ತೆ ತೆರೆದಳು. ಆಮೇಲೆ ಯಾರು ಯಾವಾಗ ಏನು ಒತ್ತಿದರೆಂಬ ದಾಖಲೆ ನೋಡಿದಳು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸೈಟು ಮುಚ್ಚಿದವರು ಉಮಾಬಾಯಿ, ಹಾಲಿನ ಬುಕಿಂಗ್ ನೋಡಿಕೊಳ್ಳುವ ಹೆಂಗಸು.

“ತಪ್ಪು ಆಕಿದಾದ್ರ ನಾಳಿಂದನ ಬ್ಯಾರೆ ಮಂದಿ ಇಡತೀನಿ ಅಂತ ಸಾವಕಾರ್ರು ಅಂದಾರ. ನೀವ ಹೋಗಿ ನೋಡಿ, ಅವರಿಗೆ ಫೋನ್ ಮಾಡಿ ಹೇಳ್ರಿ” ಎಂದರು ನರಹರಿ.

ಬಸ್ಸಿನುದ್ದಕ್ಕೂ ವಾಸಂತಿ ಉಮಾಬಾಯಿಯನ್ನು ಮನಸ್ಸಿನಲ್ಲೇ ಬೈದಳು. ‘ಕ್ಲೋಸ್’ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ಒತ್ತಿ, ನಿಜಕ್ಕೂ ಮುಚ್ಚಲೇ ಎಂದು ಅದು ಕೇಳಿದರೆ ಹೌದು ಎನ್ನುವವರಿಗೆ ಏನು ಹೇಳುವುದು? ಕಣ್ಣೇನು ತಲೆಯ ಹಿಂದಿದ್ದವೇ?

ಫಂಕ್ಷನ್ ಹಾಲಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಒಂದು ಫೋನಿನಲ್ಲಿ ತೆಲುಗು, ಇನ್ನೊಂದರಲ್ಲಿ ಉರ್ದು ಮಾತಾಡುತ್ತ, ಯಾವ ಮುಹೂರ್ತಕ್ಕೆ ಹಾಲ್ ಖಾಲಿ ಎಂದು ಬಾಯಿಪಾಠ ಹೇಳುತ್ತಿದ್ದರು. ಇವರೇ ಉಮಾಬಾಯಿ, ಗುರುಮಠಕಲ್ ಕಡೆಯವರಂತೆ. ಇವಳ ಕನ್ನಡ ಕೇಳಿದ್ದೇ ಚಹಾ ತರಿಸಿದರು. ಲೋಟ ಮುಂದಿಡುತ್ತ, ಕೇಳುವ ಮೊದಲೇ ಹೇಳಿಬಿಟ್ಟರು.

“ನಾ ಏನೂ ಹೊಸಾದು ಮಾಡಿಲ್ಲ ತಂಗಿ. ದಿನಾ ಮಾಡಿದ್ದ ಮಾಡೀನಿ.”

“ಹೆಂಗ ಮಾಡತೀರಿ, ತೋರಸ್ರಿ ಅಕ್ಕಾರ.”

ಉಮಾಬಾಯಿ ಬಲಗೈಯಲ್ಲಿ ಮೌಸ್ ಹಿಡಿದು, ತಿಥಿ ಎಣಿಸುವವರ ಹಾಗೆ ಎಡಗೈ ಹೆಬ್ಬೆರಳನ್ನು ಕಿರುಬೆರಳಿನ ಗೆರೆಗಳ ಮೇಲೆ ಸರಿಸಿದರು. ಒಂದು, ಎರಡು, ಮೂರು. ಬಾಣದ ಗುರುತು ಹೋಗಿ ಮೂರನೆಯ ಲಿಂಕಿನ ಮೇಲೆ ನಿಂತಿತು. ಅಲ್ಲಿ ಏನು ಬರೆದಿದೆ ಎಂದು ಅವರು ನೋಡಲೇ ಇಲ್ಲ.

“ತಡೀರಿ, ಒತ್ತಬ್ಯಾಡ್ರಿ” ಎಂದು ವಾಸಂತಿ ಕೈ ಹಿಡಿದಳು. ಶನಿವಾರದವರೆಗೆ ಎಡದಿಂದ ಮೂರನೆಯದು ಹೊಸ ಬುಕಿಂಗ್. ಅವಳು ಜೋಡಿಸಿದ ಮೇಲೆ ಅಲ್ಲಿ ಬಂದು ಕೂತದ್ದು ಸೈಟು ಮುಚ್ಚುವ ‘ಕ್ಲೋಸ್’ ಲಿಂಕು.

ಉಮಾಬಾಯಿ ತಲೆ ತಗ್ಗಿಸಿದರು. “ಕನ್ನಡ ಓದತೀನಿ ತಂಗಿ. ಇಂಗ್ಲಿಷ್ ಬರಂಗಿಲ್ಲ. ಕಂಪ್ಯೂಟರ್ ಬಂದಾಗ ಒಬ್ಬಾತ ಒಮ್ಮಿ ತೋರಿಸಿ ಹೋದ. ಒಂದನೇದು ಇವತ್ತಿನ ಬುಕಿಂಗು, ಮೂರನೇದು ಹೊಸಾದು, ಐದನೇದು ಫೋಟೋ. ಅದು ಏನರ ಕೇಳಿದ್ರ ಎಡಗಡಿ ಗುಂಡಿ ಒತ್ತೋದು. ಎರಡು ವರ್ಷದಾಗ ಒಂದ ದಿನಕ್ಕ ಎರಡು ಮದುವಿ ಬರಗೊಟ್ಟಿಲ್ಲ. ಸಾವಕಾರ್ರಿಗೆ ಇದು ಗೊತ್ತಿಲ್ಲ. ಗೊತ್ತಾದ್ರ ಈ ಕುರ್ಚಿ ಹೋಗತೈತಿ.”

ವಾಸಂತಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಮನೆಯಾಕೆಯನ್ನು ಕೇಳದೆ ಅವಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸರಿಸಿಟ್ಟು, ಸಾರಿಗೆ ಸಕ್ಕರೆ ಬಿದ್ದಿತೆಂದು ಅವಳನ್ನೇ ಬೈದಂತಾಗಿತ್ತಲ್ಲ. ಅಲ್ಲೇ ಕುಳಿತು ಒಂದೊಂದೇ ಲಿಂಕನ್ನು ಎಳೆದು ಹಳೆಯ ಜಾಗಕ್ಕೆ ತಂದಳು. ಸೈಟು ಮುಚ್ಚುವ ಲಿಂಕು ಉಮಾಬಾಯಿಯ ಪಟ್ಟಿಯಲ್ಲಿ ಕಾಣದಂತೆಯೇ ಮಾಡಿದಳು.

“ಎಲ್ಲಾ ಹೆಸರೂ ಕನ್ನಡದಾಗ ಹಾಕಲೇನ್ರಿ ಅಕ್ಕಾರ?”

“ಬ್ಯಾಡವ್ವ, ಸಾವಕಾರ್ರಿಗೆ ಸಂಶಯ ಬರತೈತಿ.”

ಇನ್ನು ಫೋನ್ ಮಾಡಲೇಬೇಕಿತ್ತು. ಆ ಸಾವಕಾರರ ಬಾಯಿ ಎಂಥದೆಂದು ನರಹರಿ ಹೇಳಿದ್ದರು. ವಾಸಂತಿ ಫೋನ್ ಹಿಡಿದು ಅಂಗಳಕ್ಕೆ ಹೋದಳು.

“ತಪ್ಪು ನಂದರಿ ಸಾವಕಾರ್ರ. ಯಾರನ್ನೂ ಕೇಳದ ನಾ ಲಿಂಕ್‌ಗಳ ಜಾಗಾ ಬದಲ ಮಾಡಿದೆ. ಉಮಾಬಾಯಾರು ದಿನಾ ಒತ್ತೋ ಜಾಗಾನ ಒತ್ಯಾರ.”

ಬೈಗುಳಕ್ಕೆ ಕಾದು ನಿಂತವಳಿಗೆ ಕೇಳಿದ್ದು ಪಿಸುದನಿ.

“ಹಂಗಾದ್ರ ಆಕೀನ ಬಿಡಸೋ ಮಾತ ಇಲ್ಲ. ಖರೇ ಹೇಳಬೇಕಂದ್ರ, ಮುಂಜಾನಿ ನಾನ ಸೈಟ್ ತೆರೀಬೇಕಂತ ಕುಂತಿದ್ದೆ ತಂಗಿ. ಎಲ್ಲಾ ಇಂಗ್ಲಿಷು. ಒಂದೂ ತಿಳೀಲಿಲ್ಲ, ಬೆವತಬಿಟ್ಟೆ. ಅದನ್ನ ಕನ್ನಡದಾಗ ಮಾಡಾಕ ಬರತೈತೇನು?”

“ಬರತೈತ್ರಿ.”

“ಮಾಡಿಬಿಡ್ರಿ. ನಾ ಕೇಳೀನಂತ ಉಮಾಬಾಯಿ ಮುಂದ ಅನಬ್ಯಾಡ್ರಿ ಮತ್ತ. ಆಕೀಗೆ ಇಂಗ್ಲಿಷ್ ಪಟಪಟ ಬರತೈತಿ, ನನ್ನ ಮರ್ಯಾದಿ ಉಳಿಯಂಗಿಲ್ಲ.”

ವಾಸಂತಿ ಸೆರಗು ಬಾಯಿಗೊತ್ತಿ ನಗು ತಡೆದುಕೊಂಡು ಒಳಗೆ ಬಂದಳು. ಉಮಾಬಾಯಿ ಎದ್ದು ನಿಂತಿದ್ದರು.

“ನಿಮ್ಮ ಕುರ್ಚಿ ನಿಮಗ ಐತ್ರಿ ಅಕ್ಕಾರ. ಇನ್ನ ಪಟ್ಟಿ ಕನ್ನಡದಾಗ ಮಾಡಿದ್ರೂ ಸಾವಕಾರ್ರು ಏನೂ ಅನ್ನಂಗಿಲ್ಲ, ನಾ ಕೇಳೀನಿ.”

ಉಮಾಬಾಯಿ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡರು. ಹೆಸರುಗಳನ್ನೆಲ್ಲ ಬದಲಿಸುವಷ್ಟರಲ್ಲಿ ಎರಡನೆಯ ಚಹಾ ಬಂತು. ಅವರು ಕನ್ನಡಕ ಏರಿಸಿ, ಎಡದಿಂದ ಶುರುಮಾಡಿ ಪ್ರತಿ ಲಿಂಕನ್ನೂ ದೊಡ್ಡ ದನಿಯಲ್ಲಿ ಓದಿದರು. ಓದಿ ಮುಗಿಸಿ ಅವಳತ್ತ ತಿರುಗಿದಾಗ ಮುಖದಲ್ಲಿ ನಿಜವಾದ ಕಳವಳವಿತ್ತು.

“ಆದ್ರ ತಂಗಿ, ಪಾಪ, ಸಾವಕಾರ್ರಿಗೆ ತ್ರಾಸ ಆಗಂಗಿಲ್ಲೇನು? ಅವರದೆಲ್ಲ ಇಂಗ್ಲಿಷ್‌ನಾಗ ನಡೀತೈತಿ.”

“ಹೊಂದಿಕೋತಾರ ಬಿಡ್ರಿ” ಎಂದಳು ವಾಸಂತಿ.