ಕಷ್ಟದ ಪಾದ

ಒಂದು ಶನಿವಾರ ಮಧ್ಯಾಹ್ನ ಪೇಟೆ ಬೀದಿಯ ದೊಡ್ಡ ಬೂಟಿನ ಅಂಗಡಿಯಲ್ಲಿ, ಕೆಂಪು ಮಖಮಲ್ಲಿನ ಕುರ್ಚಿಯ ಮೇಲೆ ಕುಳಿತು, ಇಸ್ತ್ರಿ ಕೆಲಸದ ಹೆಂಗಸೊಬ್ಬಳು ತನ್ನ ಎಡಗಾಲಿನ ಕಾಲುಚೀಲ ತೆಗೆದಳು. ಈ ಘಟನೆಯ ಮಹತ್ವವನ್ನು ಇತಿಹಾಸಕಾರರು ಇಂದಿಗೂ ಗಮನಿಸದಿರುವುದು ವಿಷಾದದ ಸಂಗತಿ. ಆ ಊರಿನ ಸಮಾನತೆಯ ಹೋರಾಟವನ್ನು ಕುರಿತ ದಪ್ಪ ದಪ್ಪ ಪುಸ್ತಕಗಳಲ್ಲಿ ಸೇತುವೆಯ ಮೇಲಿನ ಮೆರವಣಿಗೆ ಇದೆ, ಪೊಲೀಸರ ದೊಣ್ಣೆ ಇದೆ, ಜೈಲು ಇದೆ, ಯಾರು ಯಾರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು ಎಂಬುದೂ ಇದೆ. ಕಾಲುಚೀಲ ಮಾತ್ರ ಇಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗುತ್ತಿದೆ.

ಊರಿನ ನಡುವೆ ಹೊಳೆ. ಈಚೆಗೆ ಮೇಲ್ದಂಡೆಯವರು, ಆಚೆಗೆ ಕೆಳದಂಡೆಯವರು. ಹೀಗೆ ಭಾಗ ಮಾಡುವಾಗ ಹೊಳೆಯನ್ನು ಯಾರೂ ಕೇಳಿರಲಿಲ್ಲ. ಕೆಳದಂಡೆಯವರು ಮೇಲ್ದಂಡೆಯವರ ಬಟ್ಟೆ ಒಗೆಯಬಹುದು, ಅಡುಗೆ ಮಾಡಿ ಬಡಿಸಬಹುದು, ಮಕ್ಕಳನ್ನು ಎತ್ತಿ ಆಡಿಸಬಹುದು. ಅವರ ಮುಂಬಾಗಿಲಲ್ಲಿ ಹೋಗುವಂತಿಲ್ಲ, ಅವರ ಕುರ್ಚಿಯಲ್ಲಿ ಕೂರುವಂತಿಲ್ಲ. ದುಡ್ಡಿಗೆ ಮಾತ್ರ ಯಾವ ದಂಡೆಯೂ ಇರಲಿಲ್ಲ. ಆದ್ದರಿಂದ ದೊಡ್ಡ ಅಂಗಡಿಯವರು ಕೆಳದಂಡೆಯವರಿಗೂ ಬೂಟು ಮಾರುತ್ತಿದ್ದರು, ಪಕ್ಕದ ಓಣಿಗೆ ತೆರೆದ ಒಂದು ಕಿಟಕಿಯಿಂದ. ಆದರೆ ಕೆಳದಂಡೆಯ ಕಾಲು ಹೊಕ್ಕು ಬಂದ ಬೂಟನ್ನು ಮೇಲ್ದಂಡೆಯವರು ಮುಟ್ಟುವುದಿಲ್ಲ. ಹಾಗಾಗಿ ಹಾಕಿ ನೋಡುವಂತಿಲ್ಲ. ಮನೆಯಲ್ಲಿ ಕಾಗದದ ಮೇಲೆ ಕಾಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಕತ್ತರಿಸಿ ತರಬೇಕು. ಯಜಮಾನ ಆ ಕಾಗದದ ಪಾದವನ್ನು ಬೂಟಿನೊಳಗೆ ತೂರಿಸಿ ‘ಹಿಡಿಸಿತು’ ಎಂದು ತೀರ್ಪು ಕೊಡುತ್ತಿದ್ದ. ಕಾಗದದ ಪಾದ ಎಂದೂ ನೋವೆಂದು ದೂರಿದ್ದಿಲ್ಲ. ಮಾರಿದ ಬೂಟು ವಾಪಸಿಲ್ಲ.

ಕಾಗದಕ್ಕೆ ಎತ್ತರವಿಲ್ಲ, ಕಾಲಿಗಿದೆ. ಈ ಸಣ್ಣ ವ್ಯತ್ಯಾಸದಿಂದಾಗಿ ಕೆಳದಂಡೆಯಲ್ಲಿ ನೆಟ್ಟಗೆ ನಡೆಯುವವರು ಕಡಿಮೆ. ಅದನ್ನು ಕಂಡ ಮೇಲ್ದಂಡೆಯವರು, ಆ ಜನರ ನಡಿಗೆಯೇ ಹಾಗೆ, ರಕ್ತದಲ್ಲೇ ಬಂದದ್ದು ಎಂದು ನಂಬಿದ್ದರು.

ಇಸ್ತ್ರಿಯ ಹೆಂಗಸನ್ನು ಓಣಿಯೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿತ್ತು. ಸಂಬಂಧದಿಂದ ಆಕೆ ದೊಡ್ಡಮ್ಮನಾಗಿದ್ದು ಒಬ್ಬಳಿಗೇ, ತಂಗಿಯ ಮಗಳಿಗೆ. ತಂಗಿ ತೀರಿಕೊಂಡ ಮೇಲೆ ಆ ಮಗುವನ್ನು ಸಾಕಿದ್ದೂ ಆಕೆಯೇ. ಹುಡುಗಿ ಒಂದು ಕಡೆ ಕೂತವಳಲ್ಲವಾದ್ದರಿಂದ ಚೂಟಿ ಎಂಬ ಹೆಸರು ಬಿದ್ದು, ಬೆಳೆದ ಮೇಲೂ ಉಳಿದಿತ್ತು. ದೊಡ್ಡಮ್ಮ ಎಳೆಯ ವಯಸ್ಸಿನಲ್ಲಿ ಲಾಂಡ್ರಿಗೆ ಸೇರಿದಾಗ ಕಪ್ಪು ಬೂಟು ಕಡ್ಡಾಯ ಎಂದಿದ್ದರು. ಕಿಟಕಿಯಲ್ಲಿ ಕೊಂಡಳು. ಬೆಳಗಿನಿಂದ ಸಂಜೆವರೆಗೆ ಇಸ್ತ್ರಿ ಮೇಜಿನ ಮುಂದೆ ನಿಂತು ಮಾಡುವ ಕೆಲಸ. ಬೂಟು ಕಚ್ಚಿತು, ಹುಣ್ಣಾಯಿತು. ಕಿಟಕಿಗೆ ವಾಪಸು ಹೋದಳು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಯಜಮಾನ ಅಟ್ಟಿಬಿಟ್ಟ. ಬೇರೆ ಬೂಟು ಇರಲಿಲ್ಲ. ಹುಣ್ಣು ಕೀವಾಗಿ, ಕಡೆಗೆ ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆದರು. ಉಳಿದ ಬೆರಳುಗಳು ಖಾಲಿ ಜಾಗಕ್ಕೆ ಒಂದರ ಮೇಲೊಂದು ಒರಗಿ, ವರ್ಷಗಳಲ್ಲಿ ಹಾಗೇ ಗಟ್ಟಿಯಾದವು. ಅಂದಿನಿಂದ ಆಕೆ ಮನೆಯಲ್ಲೂ ಕಾಲುಚೀಲ ತೆಗೆದವಳಲ್ಲ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ದೊಡ್ಡಮ್ಮನ ಮುಂದೆ ಹಾವು ಬಹಳ ಕ್ಷಮಾಶೀಲ ಪ್ರಾಣಿ.

ಹೋರಾಟ ನಡೆದಷ್ಟು ಕಾಲವೂ ಆಕೆ ಅದರಲ್ಲಿ ಇದ್ದಳು. ಅದೇ ಕಾಲಲ್ಲಿ ಸೇತುವೆ ದಾಟಿದಳು, ದೊಣ್ಣೆಯೇಟು ತಿಂದಳು, ಜೈಲಿನ ನೆಲದ ಮೇಲೆ ಮಲಗಿದಳು. ಕೊನೆಗೂ ಕಾನೂನು ಬಂತು: ಎಲ್ಲ ಅಂಗಡಿಗಳ ಮುಂಬಾಗಿಲೂ ಎಲ್ಲರಿಗೆ. ಹೋರಾಟ ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿ ಒಬ್ಬೊಬ್ಬರನ್ನೂ, ಈಗ ಏನು ಮಾಡುತ್ತೀರಿ ಎಂದು ಕೇಳಿದರು. ಈತ ಶಾಲೆಯ ಮೇಷ್ಟ್ರು. ಸರ್ಕಾರಕ್ಕೆ ಬರೆದ ಮನವಿಗಳ ಲೆಕ್ಕವಿಲ್ಲದ್ದರಿಂದ ಮನವಿ ಮೇಷ್ಟ್ರು ಎಂದೇ ಪ್ರಸಿದ್ಧರು. ಒಬ್ಬರು ಗ್ರಂಥಾಲಯ ಎಂದರು, ಒಬ್ಬರು ಉದ್ಯಾನದ ಬೆಂಚು ಎಂದರು. ದೊಡ್ಡಮ್ಮ, ಆ ಬೂಟಿನಂಗಡಿಯವನು ನನ್ನ ಮುಂದೆ ಮಂಡಿಯೂರಿ ಕೂತು, ನನ್ನ ಕಾಲನ್ನು ಅವನ ಕೈಯಲ್ಲಿ ಹಿಡಿಯಬೇಕು, ಅಷ್ಟೇ ಎಂದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಅಕ್ಕಾ, ತಾಳಿದವನು ಬಾಳಿಯಾನು ಅಂತಾರೆ.”

“ತಾಳೋದೆಲ್ಲ ನಾವು, ಬಾಳೋದೆಲ್ಲ ಅವರು. ಗಾದೆ ಸರಿಯಾಗೇ ಇದೆ ಮೇಷ್ಟ್ರೇ.”

ಯಜಮಾನನೇನೂ ದಡ್ಡನಲ್ಲ. ಕಾನೂನು ಚಾಪೆ ಕೆಳಗೆ ನುಸುಳಿದರೆ ತಾನು ರಂಗೋಲಿ ಕೆಳಗೆ ನುಸುಳಿದ. ಕಿಟಕಿಗೆ ಮೊಳೆ ಹೊಡೆಸಿ, ಮುಂಬಾಗಿಲು ತೆರೆದು, ಕೆಳದಂಡೆಯ ಗಿರಾಕಿಗಳ ಕಾಲು ನೋಡಲು ಕೆಳದಂಡೆಯ ಹುಡುಗಿಯೊಬ್ಬಳನ್ನೇ ನೇಮಿಸಿಕೊಂಡ. ಆ ಹುಡುಗಿ ಚೂಟಿ. ಸಮಿತಿಯವರು ಹಿಗ್ಗಿಹೋದರು. ಪೇಟೆ ಬೀದಿಯ ಅಂಗಡಿಯ ಮುಂಭಾಗದಲ್ಲಿ, ನೀಲಿ ಕೋಟು ತೊಟ್ಟು, ಹಿತ್ತಾಳೆ ಗುಂಡಿ ಹಾಕಿ, ನಮ್ಮ ಹುಡುಗಿ! ಮೇಷ್ಟ್ರು ಅದರ ಬಗ್ಗೆ ಭಾಷಣ ಮಾಡಿದರು. ಚೂಟಿ ಆ ಕೋಟನ್ನು ದೊಡ್ಡಮ್ಮನ ಕೈಯಲ್ಲೇ ಇಸ್ತ್ರಿ ಹಾಕಿಸಿಕೊಂಡಳು. ಮಡಿಕೆ ಕತ್ತಿಯ ಹಾಗೆ ನಿಂತಿತು.

ಮೊದಲ ಶನಿವಾರ ಆಕೆ ಹೋಗಿ ಕುರ್ಚಿಯ ಮೇಲೆ ಕುಳಿತಳು. ಚೂಟಿ ಬಂದು ನಗುತ್ತ ಮಂಡಿಯೂರಿದಳು. ಯಜಮಾನ ಒಳಕೋಣೆಯ ಗಾಜಿನ ಹಿಂದೆ ಚಹಾ ಕುಡಿಯುತ್ತಿದ್ದ. ದೊಡ್ಡಮ್ಮ ಆ ಗಾಜನ್ನು ನೋಡಿದಳು, ಬಗ್ಗಿದ ಮಗಳ ನೆತ್ತಿಯನ್ನು ನೋಡಿದಳು, ಏಳು ಎಂದಳು, ತಾನೂ ಎದ್ದು ಮನೆಗೆ ಹೋದಳು.

ಆ ಸಂಜೆ ಮನೆಯಲ್ಲಿ ಕಾಲು ಕೆದರಿ ಜಗಳ ತೆಗೆದವಳು ಚೂಟಿ. ಎಲ್ಲರೆದುರು ತನ್ನ ಮಾನ ಹೋಯಿತು ಎಂದಳು; ಮೊದಲ ಸಲ ನಮ್ಮವರಿಗೊಂದು ಒಳ್ಳೆಯ ಕೆಲಸ ಸಿಕ್ಕಿದೆ, ಅದರ ಮೇಲೂ ಕಣ್ಣೇ ಎಂದಳು.

“ಕೆಲಸದ ಮೇಲಲ್ಲ ಕಣೇ. ನನ್ನ ತಂಗಿ ಮಗಳು ನನ್ನ ಕಾಲ ಹತ್ರ ಕೂತಿದ್ರೆ, ಅವನು ಚಹಾ ಕುಡೀತಿದ್ದ.”

“ಯಾರ ಕಾಲಾದ್ರೇನು ದೊಡ್ಡಮ್ಮ? ಅದು ಕೆಲಸ.”

“ಹಾಗಾದ್ರೆ ಅವನೇ ಮಾಡ್ಲಿ.”

“ಅವರು ನಮ್ಮೋರಿಗೆ ಹೊರಗೆ ಬರಲ್ಲ. ಕಷ್ಟದ ಪಾದ ಅಂತ ಕೂಗಿದ್ರೆ ಮಾತ್ರ ಬರೋದು.”

ಕಷ್ಟದ ಪಾದವೆಂಬುದು ಆ ಅಂಗಡಿಯ ಹೆಮ್ಮೆ. ‘ಕಷ್ಟದ ಪಾದಗಳನ್ನು ಯಜಮಾನರೇ ಸ್ವತಃ ನೋಡುತ್ತಾರೆ’ ಎಂದು ಮುಂಬಾಗಿಲ ಗಾಜಿನ ಮೇಲೆ ಚಿನ್ನದ ಅಕ್ಷರದಲ್ಲಿ ಬರೆಸಿತ್ತು. ಚಪ್ಪಟೆ ಪಾದ, ಉಬ್ಬಿದ ಗೆಣ್ಣು, ಸೊಟ್ಟ ಬೆರಳು ಇಂಥದ್ದು ಕಂಡರೆ ಕೆಲಸದವರು ಕೂಗಬೇಕು, ಯಜಮಾನ ಬರಬೇಕು. ಅವನ ಕೈಯಲ್ಲಿ ನಿಜಕ್ಕೂ ಗುಣವಿತ್ತು; ಮೇಲ್ದಂಡೆಯ ಮುದುಕಿಯರು ಅವನ ಹೆಸರು ಹೇಳಿ ನಡೆದಾಡುತ್ತಿದ್ದರು. ಮಾತು ಬಾಯಿಂದ ಜಾರಿದ ಮೇಲೆ ಚೂಟಿ ತುಟಿ ಕಚ್ಚಿಕೊಂಡಳು. ದೊಡ್ಡಮ್ಮ ದೀಪ ಸಣ್ಣ ಮಾಡಿ ಮಲಗಿದಳು. ಕೂಗು ಎಂದು ಆಕೆ ಕೇಳಲಿಲ್ಲ, ಕೂಗುವುದಿಲ್ಲ ಎಂದು ಇವಳೂ ಹೇಳಲಿಲ್ಲ. ಕೂಗಿದರೆ ನೀಲಿ ಕೋಟು ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಎರಡನೆಯ ಶನಿವಾರವೇ ಆ ಐತಿಹಾಸಿಕ ದಿನ. ಅಂಗಡಿ ತುಂಬಿತ್ತು. ನ್ಯಾಯಾಧೀಶರ ಹೆಂಡತಿ ಒಂದು ಕಾಲಿಗೆ ಹೊಸ ಬೂಟು, ಒಂದು ಕಾಲಿಗೆ ಹಳೆಯದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ದೊಡ್ಡಮ್ಮ ಬಂದು ಕುಳಿತಳು. ಚೂಟಿ ಬಂದು ಬಗ್ಗಿದಳು. ಈ ಸಲ ನಗಲಿಲ್ಲ. ದೊಡ್ಡಮ್ಮ ಬೂಟಿನ ದಾರ ಬಿಚ್ಚಿದಳು. ಆಮೇಲೆ ಕಾಲುಚೀಲ ತೆಗೆದಳು.

ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಬೆಳೆದರೂ ಚೂಟಿ ಆ ಪಾದವನ್ನು ಕಂಡಿರಲಿಲ್ಲ. ಈಗ ಕಂಡಳು. ಹಳೆಯ ಮರದ ಬೇರಿನಂತೆ ಹೆಣೆದುಕೊಂಡ ನಾಲ್ಕು ಬೆರಳು, ಹೊಳೆಯುವ ಗಾಯದ ಕಲೆ, ಕಲ್ಲಾದ ಹಿಮ್ಮಡಿ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ನಿಂತು, ಕಲಿಸಿಕೊಟ್ಟಿದ್ದ ಸ್ಪಷ್ಟ ದನಿಯಲ್ಲಿ, ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು.

“ಯಜಮಾನರೇ, ಕಷ್ಟದ ಪಾದ.”

ಯಜಮಾನ ಕೈ ಒರೆಸಿಕೊಳ್ಳುತ್ತ ಅಭ್ಯಾಸಬಲದಿಂದ ಹೊರಗೆ ಬಂದ. ಕುರ್ಚಿಯಲ್ಲಿ ಯಾರಿದ್ದಾರೆಂದು ಗೊತ್ತಾಗುವ ಹೊತ್ತಿಗೆ ಅಂಗಡಿಯ ನಡುವೆ ನಿಂತಿದ್ದ. ಹಿಂದಿರುಗಿದರೆ ಕಾನೂನು, ಮುಂದುವರಿದರೆ ನ್ಯಾಯಾಧೀಶರ ಹೆಂಡತಿ. ನುಂಗಲೂ ಆರ, ಉಗುಳಲೂ ಆರ. ಪುಟ್ಟ ಮಣೆಯನ್ನು ಕಾಲಿನಿಂದಲೇ ಎಳೆದುಕೊಂಡು ಮಂಡಿಯೂರಿದ. ದೊಡ್ಡಮ್ಮ ಕಾಲನ್ನು ಅವನ ಅಂಗೈಯಲ್ಲಿ ಇಟ್ಟಳು.

ಆಗ ಅವನಿಂದ ಒಂದು ತಪ್ಪು ನಡೆದುಹೋಯಿತು. ಕೈಗೆ ಪಾದ ಸಿಕ್ಕಿದ್ದೇ ಒಳಗಿನ ಕಸುಬುದಾರ ಎದ್ದು ಕೂತ. ಹಿಮ್ಮಡಿ ತಿರುಗಿಸಿದ, ಬೆರಳುಗಳನ್ನು ಬಿಡಿಸಿ ನೋಡಿದ, ಕಲೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನಿಗೆ ನಿಜವಾಗಿ ಸಿಟ್ಟು ಬಂತು. ಹಾಳು ಕೆಲಸ ಕಂಡರೆ ಅವನಿಗೆ ಯಾವಾಗಲೂ ಸಿಟ್ಟು ಬರುತ್ತಿತ್ತು.

“ಯಾವ ಅಂಗಡಿಯ ಕಟುಕನಮ್ಮ ಹೀಗೆ ಮಾಡಿದ್ದು?”

“ಇದೇ ಅಂಗಡಿ. ಆ ಕಿಟಕಿ.”

ಮೊಳೆ ಹೊಡೆದ ಕಿಟಕಿಯನ್ನು ಎಲ್ಲರೂ ತಿರುಗಿ ನೋಡಿದರು. ದೊಡ್ಡಮ್ಮನ ದನಿ ಏರಲಿಲ್ಲ. ಬಟ್ಟೆಗೆ ನೀರು ಚಿಮುಕಿಸುವ ಹಾಗೆ ಒಂದೊಂದೇ ಮಾತು.

“ಹಿಡಿಸಲ್ಲ ಅಂತ ವಾಪಸು ತಂದಿದ್ದೆ. ರಕ್ತ ಸೋರ್ತಿತ್ತು. ಕಾಗದ ಸರಿಯಾಗಿ ಕತ್ತರಿಸಿಲ್ಲ, ಹೋಗಿ ಸರಿಯಾಗಿ ಕತ್ತರಿಸಿಕೊಂಡು ಬಾ ಅಂದ್ರಿ. ನಿಮ್ಮ ಗಿರಾಕಿಗಳು ನಕ್ಕರು. ಒಂದು ಬೆರಳು ಕತ್ತರಿಸಿಕೊಂಡು ಬಂದಿದೀನಿ. ಈಗ ನೋಡಿ ಸ್ವಾಮಿ, ಹಿಡಿಸುತ್ತಾ.”

ಯಜಮಾನ ಕಾಲನ್ನು ಕೆಳಗಿಡಲು ನೋಡಿದ. ಅವಳು ಭಾರ ಬಿಟ್ಟಳು. ಮೊದಲು ಆ ಕಂದು ಬಣ್ಣದ್ದು ತನ್ನಿ ಎಂದಳು. ತಂದ, ದಾರ ಕಟ್ಟಿದ, ಬಿಚ್ಚಿದ. ಆಮೇಲೆ ಕಪ್ಪು, ಆಮೇಲೆ ಹಿಮ್ಮಡಿ ಎತ್ತರದ್ದು, ಆಮೇಲೆ ನ್ಯಾಯಾಧೀಶರ ಹೆಂಡತಿ ಮೆಚ್ಚಿದ್ದಂಥದ್ದೇ ಒಂದು. ಡಬ್ಬಿಗಳು ಕುರ್ಚಿಯ ಸುತ್ತ ಗೋಡೆಯಂತೆ ಎದ್ದವು. ನ್ಯಾಯಾಧೀಶರ ಹೆಂಡತಿ ಹೊಸ ಬೂಟನ್ನು ಕಳಚಿಟ್ಟು ಹೊರಟುಹೋದರು. ಆಕೆಗೆ ಕಿಟಕಿಯ ಕಥೆ ಕೇಳಿ ನಾಚಿಕೆಯಾಯಿತೆಂದು ತಿಳಿಯಬೇಕಾಗಿಲ್ಲ. ಆ ಕಾಲು ಮುಟ್ಟಿದ ಕೈ ಮುಂದೆ ತನ್ನ ಕಾಲಿಗೆ ಬರುತ್ತದಲ್ಲ ಎಂಬುದು ಆಕೆಯ ಸಂಕಟ. ಕತ್ತಲಾಗುವ ಹೊತ್ತಿಗೆ ಕಪಾಟು ಖಾಲಿ. ದೊಡ್ಡಮ್ಮ ತನ್ನ ಹಳೆಯ ಬೂಟನ್ನೇ ಹಾಕಿಕೊಂಡು, ಯಾವುದೂ ಹಿಡಿಸಲಿಲ್ಲ, ಮುಂದಿನ ಶನಿವಾರ ಬರುತ್ತೇನೆ ಎಂದಳು.

ಬಂದಳು, ಓಣಿಯನ್ನೂ ಕರೆತಂದಳು. ಹಾಕಿ ನೋಡದೆ ಜೀವಮಾನವಿಡೀ ಕೊಂಡಿದ್ದೇವೆ, ಈಗ ಕೊಳ್ಳದೆ ಹಾಕಿ ನೋಡೋಣ ಎಂದು ಆಕೆ ಹೇಳಿದ್ದೇ ಸಾಕಾಗಿತ್ತು. ಕಿಟಕಿಯ ಕೃಪೆಯಿಂದ ಕೆಳದಂಡೆಯಲ್ಲಿ ಕಷ್ಟವಲ್ಲದ ಪಾದವೇ ಇರಲಿಲ್ಲ. ಅಡುಗೆಯವಳು, ಆಯಾ, ಗುಡಿಸುವವಳು ಸಾಲಾಗಿ ಕುಳಿತು ಕಾಲು ಚಾಚಿದರು. ಅವರು ಒಬ್ಬರನ್ನೊಬ್ಬರು ಚುಡಾಯಿಸಿಕೊಂಡರು, ಯಜಮಾನರ ಮೀಸೆಯ ಬಣ್ಣ ಮೇಲಿನಿಂದ ನೋಡಿದರೆ ಬೇರೆಯೇ ಎಂದು ಕಂಡುಹಿಡಿದರು. ಮೇಲ್ದಂಡೆಯ ಗಿರಾಕಿಗಳು ಎದುರಿನ ಅಂಗಡಿಗೆ ನಡೆದರು. ಮನವಿ ಮೇಷ್ಟ್ರು ಬೇಡಿಕೊಳ್ಳಲು ಬಂದರು. ಇದು ಹಕ್ಕಲ್ಲ ಅಕ್ಕಾ, ಸೇಡು ಎಂದರು.

“ಹಕ್ಕು ತಂದ್ರಲ್ಲ, ಅಷ್ಟು ಸಾಕು ಮೇಷ್ಟ್ರೇ. ಅದನ್ನ ಏನು ಮಾಡ್ಬೇಕು ಅಂತ ನಾನು ನೋಡ್ಕೋತೀನಿ.”

ಆಶ್ಚರ್ಯವೆಂದರೆ ಯಜಮಾನ ಚೂಟಿಯನ್ನು ಕೆಲಸದಿಂದ ಬಿಡಿಸಲಿಲ್ಲ. ಬೇಸಗೆಯ ಹೊತ್ತಿಗೆ ಅವಳ ಕೈಯಲ್ಲಿ ಒಂದು ಡಬ್ಬಿ ಕೊಟ್ಟು ಕಳಿಸಿದ. ತಾನೇ ಕೂತು ಹೊಲಿದ ಬೂಟು. ಎಡಗಾಲಿನದಕ್ಕೆ ಬೇರೆಯೇ ಅಚ್ಚು ಮಾಡಿದ್ದ. ಚೂಟಿ ಅದನ್ನು ಮೇಜಿನ ಮೇಲೆ ತೆರೆದಿಟ್ಟಳು.

“ಇದು ಹಿಡಿಸುತ್ತೆ ದೊಡ್ಡಮ್ಮ. ನಾನು ನೋಡಿದೀನಿ. ಒಂದು ಸಲ ಹಾಕ್ಕೋ. ಅಂಗಡಿ ಮುಚ್ಚೋ ಹಾಗಿದೆ.”

ದೊಡ್ಡಮ್ಮ ಬೂಟಿನೊಳಗೆ ಕೈ ಹಾಕಿ ನೋಡಿದಳು. ಒಳಗೆ ಮೆತ್ತಗಿತ್ತು. ಅವಳ ಕಾಲು ಆ ಸಂಜೆಯೂ ನೋಯುತ್ತಿತ್ತು. ಡಬ್ಬಿ ಮುಚ್ಚಿದಳು.

“ಹಿಡಿಸಲ್ಲ ಅಂತ ಹೇಳು.”

ಅಂಗಡಿ ಮುಂದಿನ ತಿಂಗಳು ಮುಚ್ಚಿತು. ಎದುರಿನ ಅಂಗಡಿಯವರು ಕೆಳದಂಡೆಯವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಚೂಟಿ ಲಾಂಡ್ರಿಗೆ ಸೇರಿದಳು. ದೊಡ್ಡಮ್ಮನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಹಾಕುತ್ತಾಳೆ.